ಹಳ್ಳದ ದಾರಿಗೆ ಕಟ್ಟಿದ ಕ್ಯಾಮೆರಾ

ಹುಟ್ಟಿದಾಗಿನಿಂದ ಮುಂಗುಸಿಯನ್ನೇ ಕಂಡಿಲ್ಲ ಎಂದಳು ಆ ಅಜ್ಜಿ. ಅವಳ ಬೆನ್ನ ಹಿಂದೆ, ಹತ್ತು ಮಾರು ದೂರದಲ್ಲಿ, ಕತ್ತಾಳೆ ಬೇಲಿಯ ಬುಡದಿಂದ ಮುಂಗುಸಿಯೊಂದು ಹೊರಬಂದು ನಮ್ಮಿಬ್ಬರನ್ನೂ ನೋಡಿ ದಾರಿ ದಾಟಿ ಹೋಯಿತು. ನಾನು ಕೈ ಮಾಡಿ ತೋರಿಸಿದೆ. ಅಜ್ಜಿ ಕತ್ತು ತಿರುಗಿಸಲಿಲ್ಲ.

"ಅಳಿಲಿರಬೇಕು ಕಣವ್ವ," ಎಂದಳು.

ನನ್ನ ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಚಿತ್ರದ ಕಾರ್ಡುಗಳಿದ್ದವು. ಪುನುಗಿನ ಬೆಕ್ಕು, ಮರಬೆಕ್ಕು, ಕಾಡುಬೆಕ್ಕು, ನೀರುನಾಯಿ, ಮೈಮೇಲೆ ಕಂದು ಚುಕ್ಕೆಯಿರುವ ಪುಟ್ಟ ಬೆಕ್ಕು. ಒಂದೊಂದನ್ನೂ ಅವಳ ಮುಂದೆ ಹಿಡಿದೆ. ಒಂದೊಂದಕ್ಕೂ "ಕಾಣೆ" ಎಂದಳು. ಕೊನೆಗೆ ನನಗೆ ರೇಗಿ, ಕಾರ್ಡುಗಳ ನಡುವೆ ಸೇರಿಸಿದ್ದ ಸಾಕುಬೆಕ್ಕಿನ ಚಿತ್ರವನ್ನೇ ತೋರಿಸಿದೆ. ಜನ ನಿಜ ಹೇಳುತ್ತಾರೋ ಇಲ್ಲವೋ ಎಂದು ತಿಳಿಯಲೆಂದೇ ಆ ಕಾರ್ಡು ಇಟ್ಟಿದ್ದರು. ಅಜ್ಜಿ ಅದನ್ನು ಬಹಳ ಹೊತ್ತು ನೋಡಿ, "ಇದೂ ಕಾಣೆ. ನಮ್ಮೂರಲ್ಲಿ ಯಾವ ಪ್ರಾಣೀನೂ ಇಲ್ಲ, ಓಗವ್ವ," ಎಂದು ಆಡುಗಳನ್ನು ಹೊಡೆದುಕೊಂಡು ಹೊರಟುಹೋದಳು. ಅವಳ ಮನೆಯ ಜಗಲಿಯ ಮೇಲೆ ಕಪ್ಪು ಬೆಕ್ಕೊಂದು ಮಲಗಿತ್ತು.

ಅವಳೇನೋ ಮುಚ್ಚಿಡುತ್ತಿದ್ದಾಳೆ ಎಂದು ಅಂದೇ ನನಗೆ ಅನುಮಾನ ಬಂತು. ಅನುಮಾನ ಸರಿಯಾಗಿಯೇ ಇತ್ತು. ಆದರೆ ಅವಳು ಮುಚ್ಚಿಟ್ಟದ್ದು ಏನು, ಯಾಕೆ ಎನ್ನುವುದರಲ್ಲಿ ನಾನು ಪೂರ್ತಿ ತಪ್ಪಿದ್ದೆ. ಆ ತಪ್ಪಿನ ಪೆಟ್ಟು ಬಿದ್ದದ್ದು ಏನೂ ಮಾಡದ ಇನ್ನೊಬ್ಬನ ಮೇಲೆ.

ನಾನು ಆ ಕೆಲಸಕ್ಕೆ ಸೇರಿದ್ದು ಬೇರೆ ದಾರಿ ಕಾಣದೆ. ಟಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಆ ವರ್ಷ ಕಾಯಂ ಮೇಷ್ಟ್ರು ಬಂದರು, ನನ್ನ ಪೀರಿಯಡ್ಡುಗಳು ಹೋದವು. ಅಷ್ಟರಲ್ಲಿ ಸಣ್ಣ ಮಾಂಸಾಹಾರಿ ಪ್ರಾಣಿಗಳ ಮೇಲೆ ಕೆಲಸ ಮಾಡುವ ಸಂಶೋಧಕಿಯೊಬ್ಬರು ಸ್ಥಳೀಯರೊಬ್ಬರನ್ನು ಹುಡುಕುತ್ತಿದ್ದಾರೆಂದು ತಿಳಿಯಿತು. ಸ್ಕೂಟರ್ ಓಡಿಸಲು ಬರಬೇಕು, ಈ ಕಡೆಯ ಮಾತು ಬರಬೇಕು, ಬಿಸಿಲಿಗೆ ಹೆದರಬಾರದು. ಮೂರೂ ನನ್ನಲ್ಲಿದ್ದವು. ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದಲ್ಲಿ ಹುಟ್ಟಿ, ನರಸೀಪುರಕ್ಕೆ ಮದುವೆಯಾಗಿ ಬಂದವಳು ನಾನು. ಎರಡು ತಾಲ್ಲೂಕಿನ ಕೆಸರೂ ನನ್ನ ಸ್ಕೂಟರಿನ ಮಡ್‌ಗಾರ್ಡಿಗೆ ಪರಿಚಯ.

ಸಂಶೋಧಕಿಯನ್ನು ನಾನು ಮೇಡಂ ಎನ್ನುತ್ತಿದ್ದೆ. ನನಗಿಂತ ಚಿಕ್ಕವರು, ದೂರದ ನಗರದವರು, ಕನ್ನಡ ಅರ್ಥವಾಗುತ್ತಿತ್ತು, ಮಾತು ತಡವರಿಸುತ್ತಿತ್ತು. ಮೊದಲ ದಿನ ನಂಜನಗೂಡಿನ ಹೋಟೆಲೊಂದರಲ್ಲಿ ಮೇಜಿನ ಮೇಲೆ ನಕ್ಷೆ ಹರಡಿ ಕೆಲಸ ವಿವರಿಸಿದರು. ಹುಲಿ, ಆನೆಗೆ ಕಾಡಿದೆ, ಕಾವಲುಗಾರರಿದ್ದಾರೆ. ಈ ಸಣ್ಣ ಬೇಟೆಗಾರರು ಮಾತ್ರ ಕಾಡಿನ ಹೊರಗೂ ಇದ್ದಾರೆ. ನಮ್ಮ ಬೇಲಿಗಳಲ್ಲಿ, ಹಳ್ಳದ ಪೊದೆಗಳಲ್ಲಿ, ಕಬ್ಬಿನ ಗದ್ದೆಯ ಅಂಚಿನಲ್ಲಿ, ಹೊಳೆಯ ಜೊಂಡಿನಲ್ಲಿ. ಎಲ್ಲಿ ಎಷ್ಟಿವೆ ಎಂದು ಯಾರೂ ಬರೆದಿಟ್ಟಿಲ್ಲ. ಎಲ್ಲವನ್ನೂ ಕಾಪಾಡುವ ಶಕ್ತಿ ಯಾರಿಗೂ ಇಲ್ಲ. ಹಾಗಾದರೆ ಮೊದಲು ಯಾವ ಜಾಗವನ್ನು ಉಳಿಸಿಕೊಳ್ಳಬೇಕು? ಅದನ್ನು ಕಂಡುಹಿಡಿಯುವುದೇ ಕೆಲಸ. ನಕ್ಷೆಯಲ್ಲಿ ಎರಡೂ ತಾಲ್ಲೂಕುಗಳ ಮೇಲೆ ಚೌಕಗಳನ್ನು ಎಳೆದಿದ್ದರು. ಪ್ರತಿ ಚೌಕಕ್ಕೆ ಹೋಗಿ ಹೆಜ್ಜೆ, ಹಿಕ್ಕೆ ಹುಡುಕಬೇಕು, ಜನರನ್ನು ಕೇಳಬೇಕು, ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಕಟ್ಟಬೇಕು. ಕೊನೆಗೆ ಚೌಕಗಳಿಗೆ ಬಣ್ಣ. ಏನೂ ಇಲ್ಲದ್ದಕ್ಕೆ ಬಿಳಿ, ಒಂದಷ್ಟಿದ್ದರೆ ಹಳದಿ, ಮೊದಲು ಉಳಿಸಬೇಕಾದ್ದಕ್ಕೆ ಕೆಂಪು.

ಕೆಂಪನ್ನು ಕೇಳಿದಾಗಲೇ ನನಗೆ ಇರುಸುಮುರುಸಾಯಿತು. ನನ್ನ ಗಂಡ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಕ್ಕಿದ್ದಾರೆ. ಸಂಜೆ ಅವರಿಗೆ ಹೇಳಿದೆ. ಅವರು ಬೂಟು ಬಿಚ್ಚುತ್ತ, "ನೀನು ಬೆಕ್ಕಿಗೆ ಅಂತ ಬಣ್ಣ ಬಳಿ. ಅಳ್ಳಿಯೋರು ಅದನ್ನ ಬೆಕ್ಕಿಗೆ ಅನ್ಕೊಳಲ್ಲ," ಎಂದರು. ನಿಜವೇ. ನಮ್ಮ ಕಡೆ ಸರ್ವೆ ಎಂಬ ಮಾತಿಗೆ ಜಮೀನು ಹೋಗುವುದೆಂದೇ ಅರ್ಥ. ಕಾರ್ಖಾನೆಗಳು ಬಂದವು, ರಸ್ತೆ ಅಗಲವಾಯಿತು, ನಾಲೆ ತಿರುಗಿತು. ಯಾವುದೂ ಮೋಸವಲ್ಲ, ಪರಿಹಾರವೂ ಬಂದಿರಬಹುದು. ಆದರೆ ಎಲ್ಲದಕ್ಕೂ ಮುಂಚೆ ಯಾರೋ ಒಬ್ಬರು ಕಾಗದ ಹಿಡಿದು ಬಂದು "ಸುಮ್ಮನೆ ನೋಡಿಕೊಂಡು ಹೋಗುತ್ತೇವೆ" ಎಂದಿರುತ್ತಾರೆ.

ನಾನೂ ಅದನ್ನೇ ಹೇಳಿಕೊಂಡು ಊರೂರು ತಿರುಗಿದೆ. ಹೆಮ್ಮರಗಾಲದಲ್ಲಿ ನನ್ನ ಚಿಕ್ಕಪ್ಪನೇ ಕಾಫಿ ಕೊಟ್ಟು, ಉಭಯಕುಶಲ ಮಾತಾಡಿ, ಪ್ರಾಣಿಗಳ ವಿಷಯಕ್ಕೆ ಬಂದಾಗ ಕಿವುಡನಾದ. ಮೂಗೂರಿನ ಹತ್ತಿರ ರೈತರೊಬ್ಬರು ನನ್ನ ಸ್ಕೂಟರಿನ ನಂಬರನ್ನು ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡರು. ಮತ್ತೊಂದು ಕಡೆ, ಕಬ್ಬಿಗೆ ಹಂದಿ ಬರದಿರಲೆಂದು ಕಟ್ಟಿದ್ದ ಉರುಳನ್ನು ನಾನು ನೋಡಿಬಿಟ್ಟೆನೆಂದು ಗದ್ದೆಯವನು ದಾರಿಗೆ ಅಡ್ಡ ನಿಂತು ಅರ್ಧ ಗಂಟೆ ನನ್ನ ಕುಲಗೋತ್ರ ವಿಚಾರಿಸಿದ. ಎರಡು ತಿಂಗಳಲ್ಲಿ ನನ್ನ ನೋಟವೇ ಬದಲಾಯಿತು. ಯಾರಾದರೂ ನಕ್ಕರೂ, ಯಾಕೆ ನಕ್ಕರು ಎಂದು ಯೋಚಿಸುತ್ತಿದ್ದೆ.

ಆ ಅಜ್ಜಿಯ ಊರು ಕಪಿಲೆಯ ದಂಡೆಗೆ ಹತ್ತಿರ. ಊರಿನ ಹೆಸರು ಬರೆಯುವುದಿಲ್ಲ. ಯಾಕೆಂಬುದು ಮುಂದೆ ತಿಳಿಯುತ್ತದೆ. ಊರಿನ ಹಿಂದೆ ಒಂದು ಹಳ್ಳ ಹರಿದು ಹೊಳೆಗೆ ಸೇರುತ್ತದೆ. ಹಳ್ಳದ ಎರಡೂ ಬದಿಗೆ ಹೊಂಗೆ, ಲಂಟಾನ, ಕಾಡು ಕರಿಬೇವು, ನಡುನಡುವೆ ಯಾರೋ ಹಿಂದೆ ಹೊಲದಿಂದ ಆಯ್ದು ಹಾಕಿದ ಕಲ್ಲಿನ ಗುಡ್ಡೆಗಳು. ಸುತ್ತಲೂ ಭತ್ತ, ಕಬ್ಬು. ಅವುಗಳ ನಡುವೆ ಈ ಒಂದು ಪಟ್ಟಿ ಮಾತ್ರ ಯಾರೂ ಕೈ ಹಾಕದೆ ಉಳಿದಿತ್ತು. ಮೊದಲ ಸಲ ಇಳಿದಾಗಲೇ ಒದ್ದೆ ಮರಳಿನಲ್ಲಿ ಬೆಕ್ಕಿನ ಹೆಜ್ಜೆ ಕಂಡೆ. ಸಾಕುಬೆಕ್ಕಿನದಕ್ಕಿಂತಲೂ ಚಿಕ್ಕದು. ಪೊದೆಗಳ ನಡುವೆ ಚೆನ್ನಾಗಿ ತುಳಿದ ಒಂದು ಕಾಲುದಾರಿಯಿತ್ತು. ಪ್ರಾಣಿಗಳು ತುಳಿದ ದಾರಿಯಲ್ಲೇ ನಡೆಯುತ್ತವೆ, ಅಲ್ಲಿಯೇ ಕ್ಯಾಮೆರಾ ಕಟ್ಟು ಎಂದು ಮೇಡಂ ಹೇಳಿಕೊಟ್ಟಿದ್ದರು. ಈ ದಾರಿಯನ್ನು ತುಳಿದವರು ಯಾರು ಎಂದು ನಾನು ಯೋಚಿಸಲಿಲ್ಲ. ಆಡುಗಳಿರಬೇಕೆಂದುಕೊಂಡೆ. ಒಂದು ಹೊಂಗೆಯ ಬುಡಕ್ಕೆ, ಮೊಣಕಾಲೆತ್ತರದಲ್ಲಿ, ಹಸಿರು ಪಟ್ಟಿಯಿಂದ ಕ್ಯಾಮೆರಾ ಬಿಗಿದೆ.

ಕಟ್ಟಿ ಎದ್ದಾಗ ಹಳ್ಳ ಹೊಳೆಗೆ ಸೇರುವ ಕಡೆ ತೆಪ್ಪದಲ್ಲಿ ಒಬ್ಬ ನಿಂತಿದ್ದ. ಆ ಊರಿನಲ್ಲಿ ಮೀನು ಹಿಡಿಯುವವನು. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ.

"ಅದ್ಯಾತಕ್ಕವ್ವ ಅದು? ಮರಳು ತುಂಬೋರ್ನ ಹಿಡಿಯಕ್ಕಾ?"

"ಇಲ್ಲಣ್ಣ, ಬೆಕ್ಕು, ನೀರುನಾಯಿ ನೋಡೋಕೆ."

"ನೀರುನಾಯ್ನ ನೋಡಕ್ಕೆ ಕ್ಯಾಮೆರಾ ಯಾಕೆ? ನನ್ ಬಲೆ ನೋಡಿದ್ರೆ ಸಾಕು, ಎಂಗ್ ಅರಿದಾಕವೆ ಅಂತ." ಅವನು ನಗಲಿಲ್ಲ. "ಅಲ್ಲಿ ಕಟ್ಬೇಡಿ. ಬೇರೆ ಕಡೆ ಕಟ್ಕಳಿ."

"ಯಾಕೆ?"

ಅವನು ನನ್ನ ಮುಖ ನೋಡಿ, ಹೊಳೆ ನೋಡಿ, "ಸುಮ್ನೆ ಯೋಳ್ದೆ," ಎಂದು ತೆಪ್ಪ ತಿರುಗಿಸಿದ.

ನೀರುನಾಯಿಯಿಂದ ಬಲೆ ಹರಿದುಕೊಂಡವನು, ಕ್ಯಾಮೆರಾ ಬೇಡ ಎನ್ನುವವನು. ನನ್ನ ಪುಸ್ತಕದಲ್ಲಿ ಅವನ ಬಗ್ಗೆ ಎರಡು ಸಾಲು ಬರೆದುಕೊಂಡೆ.

ಎರಡು ವಾರ ಬಿಟ್ಟು ಹೋದಾಗ ಕ್ಯಾಮೆರಾ ಇರಲಿಲ್ಲ. ಹೊಂಗೆಯ ತೊಗಟೆಯ ಮೇಲೆ ಪಟ್ಟಿಯ ಗುರುತು ಮಾತ್ರ ಉಳಿದಿತ್ತು. ಕೆಳಗೆ ಪಟ್ಟಿಯ ಒಂದು ತುಂಡು ಬಿದ್ದಿತ್ತು, ಹರಿತವಾದ ಕುಡುಗೋಲಿನಿಂದ ಒಂದೇ ಏಟಿಗೆ ಕುಯ್ದದ್ದು. ದಂಡೆಗೆ ನಡೆದೆ. ತೆಪ್ಪವನ್ನು ಮಗುಚಿ ಒಣಗಲು ಹಾಕಿದ್ದರು. ಅದರ ಹುಟ್ಟಿನ ಹಿಡಿಗೆ ಹಸಿರು ಪಟ್ಟಿ ಸುತ್ತಿತ್ತು.

ಊರ ಮುಂದಿನ ಟೀ ಅಂಗಡಿಯಲ್ಲಿ ಅವನು ಸಿಕ್ಕಿದ. ಎಂಟು ಹತ್ತು ಜನ ಇದ್ದರು. ನಾನು ನಿಂತಲ್ಲಿಂದಲೇ ಕೇಳಿದೆ. "ನಿಮ್ಮ ಹುಟ್ಟಿಗೆ ಸುತ್ತಿರೋ ಪಟ್ಟಿ ಎಲ್ಲಿಂದ ಬಂತು?"

ಎಲ್ಲರ ಲೋಟಗಳೂ ನಿಂತವು. ಅವನು ಎದ್ದು ಸೀದಾ ದಂಡೆಗೆ ಹೋಗಿ, ಪಟ್ಟಿ ಬಿಚ್ಚಿಕೊಂಡು ಬಂದು ನನ್ನ ಮುಂದಿನ ಬೆಂಚಿನ ಮೇಲೆ ಹಾಕಿದ. "ಲಾರಿ ಟಾರ್ಪಾಲಿಂದು ಕಣವ್ವ. ಕೈಗೆ ಬೊಬ್ಬೆ ಬತ್ತದೆ ಅಂತ ಸುತ್ತಿದ್ದೆ. ನಿಮ್ದಾದ್ರೆ ತಕ್ಕೊಂಡೋಗಿ."

ನನ್ನ ತುಂಡನ್ನು ಪಕ್ಕದಲ್ಲಿಟ್ಟು ನೋಡಿದೆ. ಅವನದು ಒಂದು ಬೆರಳು ಹೆಚ್ಚು ಅಗಲವಿತ್ತು. ಅದು ನಮ್ಮದಲ್ಲ ಎಂದು ಆ ಕ್ಷಣವೇ ನನಗೆ ಗೊತ್ತಾಯಿತು. ಆದರೆ ಅಷ್ಟು ಜನರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನಾಲಿಗೆ ಏಳಲಿಲ್ಲ. "ಪಟ್ಟಿ ಬೇರೆ ಇರಬಹುದು. ಕ್ಯಾಮೆರಾ ಬೇಡ ಅಂದಿದ್ದು ನೀವೇ ತಾನೆ?" ಎಂದೆ. ಯಾರೋ ಹಿಂದಿನಿಂದ, "ಏನ್ಲಾ, ಮೀನು ಬುಟ್ಟು ಇದ್ಕೂ ಇಳ್ದಾ?" ಎಂದು ನಕ್ಕರು. ಅವನು ಟೀ ಲೋಟವನ್ನು ಅರ್ಧಕ್ಕೇ ಇಟ್ಟು ಹೋದ.

ಮೇಡಂಗೆ ಫೋನ್ ಮಾಡಿದೆ. ಕ್ಯಾಮೆರಾ ಕಳೆದರೆ ದೂರು ಕೊಡಲೇಬೇಕು, ಅದು ನಿಯಮ ಎಂದರು. ದೂರನ್ನು ಬರೆದವಳು ನಾನೇ. ಕಳೆದುಹೋಗಿದೆ ಎಂದಷ್ಟೇ ಬರೆದು ನಿಲ್ಲಿಸಬಹುದಿತ್ತು. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ, ಇಂಥವರ ಮೇಲೆ ಅನುಮಾನವಿದೆ ಎಂದು. ಮೇಷ್ಟ್ರ ಅಕ್ಷರ, ಒಂದೂ ತಪ್ಪಿಲ್ಲ.

ಮಾರನೆಯ ದಿನ ಕಾನ್‌ಸ್ಟೇಬಲ್ ಒಬ್ಬರು ಬಂದರು. ಅವರು ಗದರಲಿಲ್ಲ, ಕೈ ಮಾಡಲಿಲ್ಲ. ಮನೆಯೊಳಗೆ ಹೋಗಿ ನೋಡಿ ಬಂದರು, ಅಷ್ಟೆ. ನಾನು ಹೊರಗೆ ನಿಂತಿದ್ದೆ. ಒಂದೇ ಕೋಣೆಯ ಮನೆ. ಪಾತ್ರೆ ಸರಿಸುವ ಸದ್ದು, ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿಸಿತು. ಅವನ ಹೆಂಡತಿ ಸೆರಗಿನ ಅಂಚನ್ನು ಬಾಯಿಗೆ ಕೊಟ್ಟುಕೊಂಡು ಬಾಗಿಲ ಪಕ್ಕ ನಿಂತು ಬೀದಿಯ ಕಡೆ ನೋಡುತ್ತಿದ್ದಳು. ಬೀದಿಯಲ್ಲಿ ಎಲ್ಲರೂ ಇದ್ದರು. ಏನೂ ಸಿಗಲಿಲ್ಲ. ಹೊರಡುವಾಗ ಅವಳು ನನಗೊಂದೇ ಮಾತು ಹೇಳಿದಳು. "ಒಳಕ್ಕೆ ನೀವೂ ಬಂದು ನೋಡ್ಬೌದಿತ್ತು."

ಸಿಗಲಿಲ್ಲವೆಂದರೆ ಹೊಳೆಗೆ ಎಸೆದಿರುತ್ತಾನೆ ಎಂದುಕೊಂಡು ಸ್ಕೂಟರ್ ಹತ್ತಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಆಗ ಹಾಗೆಯೇ ಅಂದುಕೊಂಡದ್ದು ನಿಜ.

ನಾಲ್ಕೈದು ದಿನದ ಮೇಲೆ ಅದೇ ಊರಿನ ಆಚೆಗಿರುವ ಚೌಕಕ್ಕೆ ಹೋಗುತ್ತಿದ್ದೆ. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಣ್ಣುಮಗಳೊಬ್ಬಳು ಕೈ ಅಡ್ಡ ಹಾಕಿದಳು. ಇಪ್ಪತ್ತೈದರ ಆಸುಪಾಸು. ಆಡು ಮೇಯಿಸುವ ಅಜ್ಜಿಯ ಸೊಸೆ.

"ಅಕ್ಕಾ, ನಮ್ಮತ್ತೆ ಕರೀತವ್ರೆ. ಒಬ್ರೇ ಬರ್ಬೇಕಂತೆ."

ಬಿಸಿಲು ಏರುವ ಹೊತ್ತು. ಅಜ್ಜಿ ಜಗಲಿಯ ಮೇಲಿದ್ದಳು. ನನ್ನನ್ನು ಒಳಕ್ಕೆ ಕರೆದು, ಬಾಗಿಲನ್ನು ಅರ್ಧ ಮುಂದೆ ಮಾಡಿ, ರಾಗಿ ಗುಡಾಣದ ಹಿಂದೆ ಕೈ ಹಾಕಿ ಒಂದು ಗಂಟು ತೆಗೆದಳು. ಹಳೇ ರವಿಕೆ ಬಟ್ಟೆ. ಬಿಚ್ಚಿದರೆ ಕ್ಯಾಮೆರಾ.

"ನಾನೇ ಕುಯ್ದಿದ್ದು," ಎಂದಳು. "ಅವ್ನ ಮನೆಗೆ ಪೋಲೀಸ್ನೋರು ನುಗ್ಗಿದ್ರಲ್ಲ, ಅದಕ್ಕೆ ಕರ್ದೆ. ಇಲ್ದಿದ್ರೆ ಇದ್ನ ಅಲ್ಲೇ ಗುಡಾಣದ ಇಂದೆ ಬುಟ್ಟು ಸಾಯ್ತಿದ್ದೆ."

"ಯಾಕಜ್ಜಿ?" ಎಂದೆ.

"ಯಾಕೆ ಅಂತ ಕೇಳ್ತೀಯಲ್ಲ! ನೀನು ಎಣ್ಣಲ್ವಾ? ಆ ದಾರೀಲಿ ಯಾರು ಓಡಾಡ್ತಾರೆ ಅಂತ ಗೊತ್ತಾಗ್ನಿಲ್ವಾ ನಿಂಗೆ? ಈ ಬೀದಿ ಎಣ್ಮಕ್ಕಳೆಲ್ಲ ಬೆಳಗಾನೆ ಚೊಂಬು ಹಿಡ್ಕಂಡು ಓಗೋದು ಅಲ್ಲಿಗೇ. ಕಕ್ಕಸು ಕಟ್ಸವ್ರೆ, ಇಲ್ಲ ಅನ್ನಲ್ಲ. ಅದ್ಕೆ ಉಯ್ಯಕ್ಕೆ ನೀರೆಲ್ಲದೆ? ಅಲ್ಲಿಗೆ ತಂದು ಕ್ಯಾಮೆರಾ ಕಟ್ದೆ ನೀನು."

ಸೊಸೆ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ಮೊದಲು ಅದನ್ನು ಕಂಡವಳು ಅವಳೇ. ಕಪ್ಪು ಡಬ್ಬಿಯೊಳಗೆ ಸಣ್ಣ ಕೆಂಪು ದೀಪ ಮಿನುಗಿತಂತೆ. ಮನೆಗೆ ಓಡಿಬಂದು ಎರಡು ದಿನ ಯಾರಿಗೂ ಹೇಳದೆ, ಊಟ ಬಿಟ್ಟು, ನೀರೂ ಕುಡಿಯದೆ ಕೂತಿದ್ದಳಂತೆ. ನೀರು ಕುಡಿದರೆ ಹೊರಗೆ ಹೋಗಬೇಕಾಗುತ್ತದಲ್ಲ. ಮೂರನೆಯ ದಿನ ಅತ್ತೆ ಗದರಿಸಿ ಕೇಳಿದಾಗ ಬಾಯಿಬಿಟ್ಟಳು. ಅತ್ತೆ ಕುಡುಗೋಲು ತೆಗೆದುಕೊಂಡು ಹೋದಳು.

ಅಲ್ಲಿ ಕಟ್ಟಬೇಡಿ ಎಂದು ಮೀನಿನವನು ಹೇಳಿದ್ದು ಇದಕ್ಕೇ. ಹೆಂಗಸರು ಹೋಗುವ ಜಾಗವದು ಎಂದು ಗಂಡಸಾಗಿ ನನ್ನ ಮುಂದೆ ಬಾಯಿಬಿಟ್ಟು ಹೇಳಲಾರದೆ ಹೊಳೆ ನೋಡಿದ್ದ. ಟೀ ಅಂಗಡಿಯಲ್ಲೂ ಹೇಳಿರಲಿಲ್ಲ. ಅಲ್ಲಿ ಹೇಳಿದ್ದರೆ ಊರ ಹೆಂಗಸರ ಮಾನ ಬೆಂಚಿನ ಮೇಲೆ ಬೀಳುತ್ತಿತ್ತು.

ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ಹೆಮ್ಮರಗಾಲದಲ್ಲಿ ನಾನೂ ಚಿಕ್ಕಂದಿನಲ್ಲಿ ಅಮ್ಮನ ಹಿಂದೆ ಅಂಥದೇ ದಾರಿಯಲ್ಲಿ ನಡೆದವಳು. ಒಂದು ಸ್ಕೂಟರ್, ಒಂದು ನಕ್ಷೆ ಕೈಗೆ ಬರುತ್ತಲೇ ಅದು ಮರೆತುಹೋಗಿತ್ತು.

"ಇದರೊಳಗಿರೋ ಚಿತ್ರಾನೆಲ್ಲ ಈಗಲೇ ಅಳಿಸಿಬಿಡ್ತೀನಿ ಅಜ್ಜಿ," ಎಂದೆ.

"ನೀನು ಅಳಿಸ್ದೆ ಅಂತ ನಾನು ಎಂಗೆ ನಂಬ್ಲಿ?"

ಕ್ಯಾಮೆರಾದಿಂದ ಮೆಮೊರಿ ಕಾರ್ಡನ್ನು ತೆಗೆದು ಅವಳ ಕೈಗೇ ಕೊಟ್ಟು ಕಲ್ಲಿನಿಂದ ಜಜ್ಜಿಬಿಡಿ ಎಂದೆ. ಅವಳು ಕಲ್ಲು ಹುಡುಕಿಯೂಬಿಟ್ಟಳು. ತಡೆದವಳು ಸೊಸೆ. "ಬ್ಯಾಡ ಅತ್ತೆ. ಏನೇನು ಬಂದದೆ ಅಂತ ನೋಡ್ಬೇಕು ನಾನು. ನೋಡ್ದೆ ಒಡ್ದಾಕ್ಬುಟ್ರೆ ಏನಿತ್ತೋ ಏನೋ ಅಂತ ಜಲ್ಮೆಲ್ಲ ಕೊರೀತದೆ."

ಮಧ್ಯಾಹ್ನ ಮನೆಗೆ ಹೋಗಿ ಲ್ಯಾಪ್‌ಟಾಪ್ ತಂದೆ. ಗಂಡಸರೆಲ್ಲ ಗದ್ದೆಗೆ, ಕೆಲಸಕ್ಕೆ ಹೋಗಿದ್ದರು. ಆ ಬೀದಿಯ ಆರು ಹೆಂಗಸರು ಅಜ್ಜಿಯ ಮನೆಯ ಒಳಗೆ ಚಾಪೆಯ ಮೇಲೆ ಕೂತರು. ಅಜ್ಜಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಕಾರ್ಡು ಹಾಕಿದೆ. ಅಳಿಸುವ ಗುಂಡಿ ಯಾವುದೆಂದು ಸೊಸೆಗೆ ತೋರಿಸಿ ಕೈ ಹಿಂದಕ್ಕೆ ತೆಗೆದುಕೊಂಡೆ.

ಮೊದಲ ಚಿತ್ರದಲ್ಲಿ ಗಾಳಿಗೆ ಬಾಗಿದ ಹುಲ್ಲು. ಆಮೇಲೆ ಆಡಿನ ಕಾಲು. ಆಮೇಲೆ ಸೀರೆಯ ಅಂಚು, ಪಾದ, ಚೊಂಬು. ಸೊಸೆ ಗುಂಡಿ ಒತ್ತಿದಳು. ಮತ್ತೆ ಪಾದಗಳು. ಕ್ಯಾಮೆರಾ ಮೊಣಕಾಲೆತ್ತರದಲ್ಲಿತ್ತು, ದಾರಿಯನ್ನಷ್ಟೇ ನೋಡುತ್ತಿತ್ತು. ಪೊದೆಯ ಆಚೆಯದು ಏನೂ ಬಿದ್ದಿರಲಿಲ್ಲ. ಹತ್ತು ಚಿತ್ರ, ಇಪ್ಪತ್ತು ಚಿತ್ರ ಹೋಗುವಷ್ಟರಲ್ಲಿ ಒಬ್ಬಳು ಮೆಲ್ಲಗೆ, "ಇದು ನಿನ್ ಕಾಲು ಕಣೆ, ಇಮ್ಮಡಿ ನೋಡು ಎಂಗೆ ಒಡ್ದದೆ," ಎಂದಳು. ಇನ್ನೊಬ್ಬಳು ಕಿಸಕ್ಕನೆ ನಕ್ಕಳು. ಒಂದೇ ಒಂದು ಚಿತ್ರದಲ್ಲಿ ಮುಖವಿತ್ತು. ಮುಳ್ಳು ಕೀಳಲು ಬಗ್ಗಿದ್ದ ಸೊಸೆಯದೇ. ಅವಳು ಅದನ್ನು ಕಣ್ಣು ಮಿಟುಕಿಸದೆ ನೋಡಿ ಅಳಿಸಿದಳು. ಅಳಿಸಿದ ಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಜ್ಜಿ ನಕ್ಕೂ ಇರಲಿಲ್ಲ, ಅಳಲೂ ಇಲ್ಲ. "ಮುಂದಕ್ಕೆ ಒತ್ತು," ಎಂದಳು.

ಮುಂದಿನದು ಬೆಕ್ಕು.

ಅಂಗೈಯಗಲದ ಮುಖ, ಹಣೆಯ ಮೇಲೆ ಬಿಳಿ ಗೀರು, ಬೂದು ಮೈಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಸಾಲು. ಬಾಯಲ್ಲಿ ಮರಿ ಕಚ್ಚಿಕೊಂಡು ಅದೇ ದಾರಿಯಲ್ಲಿ, ಅದೇ ಪಾದಗಳ ಗುರುತಿನ ಮೇಲೆ ನಡೆದುಬರುತ್ತಿತ್ತು. ಎರಡು ತಿಂಗಳಿಂದ ಎರಡು ತಾಲ್ಲೂಕು ಸುತ್ತಿ ನಾನು ಹುಡುಕುತ್ತಿದ್ದದ್ದು. ನನಗೆ ಖುಷಿಯಾಗಬೇಕಿತ್ತು. ಸೊಸೆಯ ಬೆರಳು ಗುಂಡಿಯ ಮೇಲಿದೆಯಲ್ಲ, ಇದನ್ನೂ ಅಳಿಸಿಬಿಡುತ್ತಾಳೇನೋ ಎಂಬ ಅನುಮಾನವೇ ಮೊದಲು ಬಂತು. ಅವಳು ಅಳಿಸಲಿಲ್ಲ.

"ಅಳ್ಳದ ಬೆಕ್ಕು," ಎಂದಳು ಅಜ್ಜಿ. "ವರ್ಸಾ ವರ್ಸಾ ಆ ಕಲ್ಗುಡ್ಡೇಲೇ ಈಯ್ತದೆ. ಮಳೆ ಶುರುವಾಗೋ ಮುಂಚೆ ಮರೀನ ಮ್ಯಾಲಕ್ಕೆ ಸಾಗಿಸ್ತದೆ. ನಮ್ಮವ್ವನ ಕಾಲ್ದಿಂದ್ಲೂ ಅದೆ."

"ಮತ್ತೆ ನಾನು ಕಾರ್ಡು ತೋರಿಸಿದಾಗ ಕಾಣೆ ಅಂದ್ರಲ್ಲ?"

"ನೀನೇನು ಬೆಕ್ಕಿಗೋಸ್ಕರ ಕೇಳಿದ್ಯಾ? ಜಾಗಕ್ಕೋಸ್ಕರ ಕೇಳ್ದೆ. ಆ ಒಂದು ಪಟ್ಟೆ ಓದ್ರೆ ನನ್ ಆಡೆಲ್ಲಿ ಮೇಯ್ಲಿ, ಇವ್ರು ಎಲ್ಲಿಗೋಗ್ಲಿ?"

ಆ ಸಂಜೆಯೇ ಠಾಣೆಗೆ ಹೋಗಿ, ಕ್ಯಾಮೆರಾ ಸಿಕ್ಕಿದೆ, ನಾನು ಹೆಸರಿಸಿದವರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಬರೆದುಕೊಟ್ಟೆ. ಯಾರ ಹತ್ತಿರವಿತ್ತೆಂದು ಕೇಳಿದರು. ಪೊದೆಯಲ್ಲಿ ಬಿದ್ದಿತ್ತು ಎಂದೆ. ಬರೆದುಕೊಂಡವರು ತಲೆಯೆತ್ತಿ ನನ್ನನ್ನೊಮ್ಮೆ ನೋಡಿದರು. ನಂಬಲಿಲ್ಲ ಎಂದು ಗೊತ್ತಾಯಿತು.

ಮೇಡಂಗೆ ಮಾತ್ರ ಎಲ್ಲ ಹೇಳಿದೆ. ಅವರು ಕೇಳಿದರು, "ನೀವು ಕಾರ್ಡಿನಿಂದ ಚಿತ್ರ ಅಳಿಸಿದ್ದೀರಿ. ಅಳಿಸಿದ್ದು ಹೆಂಗಸರ ಚಿತ್ರ ಮಾತ್ರ ಅಂತ ನಾನು ಯಾರಿಗೆ ಹೇಗೆ ತೋರಿಸಲಿ?" ಅಜ್ಜಿ ಕೇಳಿದ ಪ್ರಶ್ನೆಯ ಇನ್ನೊಂದು ಮಗ್ಗುಲು ಅದು. ಅಂದು ನಾನು ಸಿಟ್ಟಿನಲ್ಲಿ ಕೆಲಸ ಬಿಡುತ್ತೇನೆ ಎಂದೆ. ಅವರು ಬಿಡಿ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಮೂರು ದಿನದ ಮೇಲೆ ಬಸ್ಸಿಳಿದು ನಮ್ಮ ಮನೆಗೇ ಬಂದರು. ಇಬ್ಬರೂ ಅಜ್ಜಿಯ ಮನೆಗೆ ಹೋದೆವು. ತಡವರಿಸುವ ಕನ್ನಡದಲ್ಲಿ ಮೇಡಂ ಆ ಹೆಂಗಸರಿಗೆಲ್ಲ ಹೇಳಿದರು: ತಾನು ಎಷ್ಟೋ ಊರುಗಳಲ್ಲಿ ಕ್ಯಾಮೆರಾ ಕಟ್ಟಿಸಿದ್ದೇನೆ, ಕೇಳಿದ ಕಡೆಯಲ್ಲೆಲ್ಲ ಊರಿನ ಗಂಡಸರನ್ನೇ ಕೇಳಿದ್ದೇನೆ, ಒಂದು ಕಡೆಯೂ ಹೆಂಗಸರನ್ನು ಕೇಳಿರಲಿಲ್ಲ. ಅದೇ ವಾರ ಎರಡೂ ತಾಲ್ಲೂಕಿನ ಅಂಥ ದಾರಿಗಳಿಂದ ಎಲ್ಲ ಕ್ಯಾಮೆರಾಗಳನ್ನೂ ಬಿಚ್ಚಿಸಿದರು. ಆ ಬೀದಿಯ ನಲ್ಲಿಯ ನೀರಿನ ಬಗ್ಗೆ ಪಂಚಾಯಿತಿಗೆ ಅರ್ಜಿಯೊಂದನ್ನು ನನ್ನಿಂದ ಬರೆಸಿದರು. ನೀರು ಬಂತೇ ಎಂದು ಕೇಳಬೇಡಿ, ವಾರಕ್ಕೆ ಮೂರು ದಿನ ಬರುತ್ತದೆ.

ಮೀನಿನವನ ಹತ್ತಿರ ಹೋಗಲು ನನಗೆ ಇನ್ನೂ ಒಂದು ವಾರ ಬೇಕಾಯಿತು. ದಂಡೆಯಲ್ಲಿ ಬಲೆ ಹೊಲಿಯುತ್ತ ಕೂತಿದ್ದ. ತಪ್ಪಾಯಿತು ಎಂದೆ. ಅವನು ಸೂಜಿ ನಿಲ್ಲಿಸಲಿಲ್ಲ.

"ಇಲ್ಯಾರವ್ರೆ ಕೇಳೋರು? ಟೀ ಅಂಗ್ಡೀಲಿ ಯೋಳಿದ್ಯಲ್ಲ, ಅಲ್ಲೇ ಯೋಳು."

ಹೋದೆ. ಬೆಳಿಗ್ಗೆ, ಬೆಂಚು ತುಂಬಿದ ಹೊತ್ತು ನೋಡಿಯೇ ಹೋದೆ. ಅವನೂ ಬಂದು ಕಂಬಕ್ಕೆ ಒರಗಿ ನಿಂತ. ಕ್ಯಾಮೆರಾ ಪೊದೆಯಲ್ಲೇ ಬಿದ್ದಿತ್ತು, ಸರಿಯಾಗಿ ನೋಡದೆ ಇವರ ಮೇಲೆ ಮಾತು ಹೊರಿಸಿದೆ, ಪಟ್ಟಿ ನಮ್ಮದಲ್ಲ ಎಂದು ಅವತ್ತೇ ನನಗೆ ಗೊತ್ತಿತ್ತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಕೊನೆಯ ಮಾತಿಗೆ ಅವನು ಮೊದಲ ಸಲ ನನ್ನ ಮುಖ ನೋಡಿದ. ಟೀ ಕುಡಿದು ಮುಗಿಸಿ ಹೋದ. ಇಂದಿಗೂ ನನ್ನ ಸ್ಕೂಟರ್ ದಂಡೆಗೆ ಬಂದರೆ ತೆಪ್ಪವನ್ನು ಆಚೆ ದಡಕ್ಕೆ ಒಯ್ಯುತ್ತಾನೆ. ನೀರುನಾಯಿಗಳು ಎಲ್ಲಿ ಮಲಗುತ್ತವೆಂದು ಅವನಿಗೆ ಚೆನ್ನಾಗಿ ಗೊತ್ತು, ನನಗೆ ಹೇಳುವುದಿಲ್ಲ. ಅವನ ಹೆಂಡತಿ ಮಾತಾಡಿಸುತ್ತಾಳೆ, ಆದರೆ ಒಳಕ್ಕೆ ಕರೆಯುವುದಿಲ್ಲ.

ಹಳ್ಳದ ಪಟ್ಟಿ ನಕ್ಷೆಯಲ್ಲಿ ಕೆಂಪಾಗಬೇಕೋ ಬೇಡವೋ ಎಂಬುದು ಊರಿನಲ್ಲಿ ದೊಡ್ಡ ಮಾತಾಯಿತು. ಶಾಲೆಯ ಅಂಗಳದಲ್ಲಿ ಸೇರಿದರು. ಯಾರ ಜಮೀನೂ ಹೋಗುವುದಿಲ್ಲ, ಬೇಸಿಗೆಯಲ್ಲಿ ಪೊದೆಗೆ ಬೆಂಕಿ ಇಡದಿರುವುದು, ಕಲ್ಲುಗುಡ್ಡೆ ಕೀಳದಿರುವುದು, ನಾಯಿಗೆಂದು ವಿಷದ ಮಾಂಸ ಹಾಕದಿರುವುದು, ಇಷ್ಟೇ ಕೇಳುತ್ತಿದ್ದೇವೆ ಎಂದು ಮೇಡಂ ಹೇಳಿದರು. ಗಂಡಸರು ಒಬ್ಬೊಬ್ಬರೇ ಎದ್ದು, ಜಮೀನು ಹೋಗುತ್ತದೆಯೇ ಎಂಬ ಅದೇ ಪ್ರಶ್ನೆ ಕೇಳಿದರು. ಕೊನೆಗೆ ಅಜ್ಜಿ ಎದ್ದು, "ಬಾಯ್ಮಾತು ಬ್ಯಾಡ. ಬರ್ದು ಕೊಡಿ," ಎಂದಳು. ಬರೆದೆ. ನಕ್ಷೆಯಲ್ಲಿ ಊರಿನ ಹೆಸರು ಹಾಕುವುದಿಲ್ಲ, ಹಳ್ಳದ ಗುರುತು ಹಾಕುವುದಿಲ್ಲ, ದೊಡ್ಡ ಚೌಕ ಮಾತ್ರ ತೋರಿಸುತ್ತೇವೆ, ಹೆಂಗಸರನ್ನು ಕೇಳದೆ ಒಂದು ಕ್ಯಾಮೆರಾವನ್ನೂ ಕಟ್ಟುವುದಿಲ್ಲ. ಮೇಡಂ ಸಹಿ ಹಾಕಿದರು, ನಾನೂ ಹಾಕಿದೆ. ಆ ಕಾಗದ ಈಗ ಯಾರ ಮನೆಯಲ್ಲಿದೆ ಎಂದು ಊರವರು ನಮಗೂ ಹೇಳಿಲ್ಲ.

ಚೌಕ ಕೆಂಪಾಯಿತು. ಅಲ್ಲಿಗೆ ಸರ್ವೆ ಕಲ್ಲು ನೆಡಲು ಯಾರೂ ಬಂದಿಲ್ಲ. ಬರುವುದೇ ಇಲ್ಲ ಎಂದು ಎದೆ ಮುಟ್ಟಿ ಹೇಳಲು ನನ್ನಿಂದಾಗದು. ಆ ನಕ್ಷೆಯ ಪ್ರತಿಗಳು ಯಾವ ಯಾವ ಮೇಜಿನ ಮೇಲಿವೆಯೋ ನನಗೇನು ಗೊತ್ತು? ಹಳ್ಳದ ಆಚೆಗೆ ಹೊಸ ವಾಹನ ನಿಂತಿದೆ ಎಂದು ಯಾರಾದರೂ ಫೋನ್ ಮಾಡಿದರೆ ಊಟದ ತಟ್ಟೆ ಬಿಟ್ಟು ಹೊರಡುತ್ತೇನೆ. ಇದುವರೆಗೆ ಒಂದು ಸಲ ಕರೆಂಟು ಕಂಬದವರು, ಒಂದು ಸಲ ಮದುವೆ ದಿಬ್ಬಣದವರು.

ಆ ಸೊಸೆ ಈಗ ನಮ್ಮ ಜೊತೆ ಕೆಲಸ ಮಾಡುತ್ತಾಳೆ. ಸುತ್ತಲ ಊರುಗಳಲ್ಲಿ ಹೆಂಗಸರ ಹತ್ತಿರ ಮಾತಾಡಿ ಜಾಗ ಗೊತ್ತುಮಾಡುವವಳು ಅವಳೇ. ನನಗಿಂತ ಬೇಗ ಹೆಜ್ಜೆ ಗುರುತಿಸುತ್ತಾಳೆ. ಮೊನ್ನೆ ಪಕ್ಕದ ಚೌಕದಲ್ಲಿ ಕ್ಯಾಮೆರಾ ಕಟ್ಟಲು ಇಬ್ಬರೂ ಹೊರಟಿದ್ದೆವು. ಒಂದು ತಾಳೆಮರದ ತೋಪಿನ ಹತ್ತಿರ ಅವಳು ನಿಂತುಬಿಟ್ಟಳು.

"ಇಲ್ಲಿ ಬ್ಯಾಡ ಅಕ್ಕಾ."

"ಹೆಂಗಸರ ದಾರೀನಾ?"

"ಅದಲ್ಲ."

"ಮತ್ತೇನಿದೆ ಅಲ್ಲಿ?"

ಅವಳು ತೋಪಿನ ಕಡೆ ನೋಡಲಿಲ್ಲ. ಚೀಲವನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡು, "ಏನಿಲ್ಲ, ಬನ್ನಿ," ಎಂದು ಮುಂದೆ ನಡೆದಳು. ಅಲ್ಲಿ ಮರಿಗಳಿರಬಹುದು, ಯಾರದೋ ಉರುಳಿರಬಹುದು, ಇಬ್ಬರು ಕೂತು ಮಾತಾಡುವ ಜಾಗವಿರಬಹುದು. ನಾನು ಒಂದು ಕ್ಷಣ ನಿಂತು ಆ ನೆರಳಿನೊಳಕ್ಕೆ ಕಣ್ಣು ಹಾಯಿಸಿದೆ, ಏನೂ ಕಾಣಲಿಲ್ಲ. ಪುಸ್ತಕ ತೆಗೆದು ಆ ಜಾಗದ ಮುಂದೆ "ಅನುಮತಿ ಸಿಗಲಿಲ್ಲ" ಎಂದು ಬರೆದು ಅವಳ ಹಿಂದೆ ಹೋದೆ.